ಬುತ್ತಿ ನಿಮ್ಮದು, ಸಾರು ನಮ್ಮದು

ಬಸ್ಸು ಹತ್ತಿದ ಕೂಡಲೇ ಎಲ್ಲರೂ ಖಾಲಿ ಸೀಟು ಹುಡುಕಿದರೆ ನಾನು ಮೊದಲು ಡ್ರೈವರ್ ಪಕ್ಕಕ್ಕೆ ಕಣ್ಣು ಹಾಯಿಸುತ್ತೇನೆ. ಇದು ನನಗೆ ಅಂಟಿಕೊಂಡ ಹಳೆಯ ಚಾಳಿ. ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿರುತ್ತದೆ. ಕೊಟ್ಟೂರಿನವರೆಗೆ ಕಂಬಿ ಹಿಡಿದು ನಿಲ್ಲುವ ಶಿಕ್ಷೆಯನ್ನು ಎಷ್ಟೋ ಸಲ ಅನುಭವಿಸಿದ್ದೇನೆ. ಒಮ್ಮೆ ನನ್ನ ಮಗಳು ತುಂಬಿದ ಬಸ್ಸಿನಲ್ಲಿ, "ಅವ್ವಾ, ಆ ಡ್ರೈವರು ನಿನಗ ಗುರ್ತಿನೋರೇನು? ಹತ್ತಿದಾಗಿಂದ ಅತ್ಲಾಗೇ ನೋಡಾಕತ್ತೀ," ಎಂದು ಕೇಳಿ ಮಾನ ಕಳೆದಳು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯಾಚೆಯ ಮೆಕ್ಕೆಜೋಳ ನೋಡಿದೆ.

ನಾನು ನೋಡುವುದು ಡ್ರೈವರನ್ನಲ್ಲ ಮಾರಾಯರೇ, ಬುತ್ತಿಗಳನ್ನು. ತೊಂಬತ್ತರ ದಶಕದ ನಮ್ಮ ಕಡೆಯ ಬಸ್ಸುಗಳಲ್ಲಿ ಡ್ರೈವರ್ ಪಕ್ಕ ಎಂಜಿನ್ನಿನ ಮೇಲೆ ಒಂದು ದೊಡ್ಡ ಬಾನೆಟ್ಟು ಇರುತ್ತಿತ್ತು, ಅದಕ್ಕೆ ಹರಿದ ರೆಕ್ಸಿನ್ ಹೊದಿಕೆ. ಬೆಳಗಿನ ಬಸ್ಸು ನಮ್ಮೂರು ಹರಪನಹಳ್ಳಿಯ ನಿಲ್ದಾಣಕ್ಕೆ ಬಂದಾಗ ಆ ಬಾನೆಟ್ಟು ಕಾಣುತ್ತಲೇ ಇರಲಿಲ್ಲ. ಅದರ ತುಂಬ ಬುತ್ತಿಗಳು. ಎರಡು ಡಬ್ಬಿಯವು, ಮೂರು ಡಬ್ಬಿಯವು, ಹಳೆಯ ಪಂಚೆಯಲ್ಲಿ ಕಟ್ಟಿದವು, ರಸಗೊಬ್ಬರದ ಚೀಲದಿಂದ ಹೊಲಿದ ಕೈಚೀಲದಲ್ಲಿಟ್ಟವು. ಹಳ್ಳಿಯಲ್ಲಿ ತಾಯಂದಿರು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಮೊದಲ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಊರಿನಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳು ನಿಲ್ದಾಣಕ್ಕೆ ಬಂದು ತಮ್ಮ ತಮ್ಮ ಡಬ್ಬಿ ಗುರುತಿಸಿ ಒಯ್ಯುತ್ತಿದ್ದರು. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸ್. ಎಂಜಿನ್ನಿನ ಕಾವಿಗೆ ಬಾನೆಟ್ಟಿನ ನಡುವಿನ ಬುತ್ತಿಗಳು ಬೆಚ್ಚಗಿರುತ್ತಿದ್ದವು, ಅಂಚಿನವು ತಣ್ಣಗಾಗಿರುತ್ತಿದ್ದವು. ಕಂಡಕ್ಟರ್ ಜೊತೆ ಸ್ನೇಹವಿದ್ದ ಹುಡುಗನಿಗೆ ನಡುವಿನ ಜಾಗ ಸಿಗುತ್ತಿತ್ತು.

ಹಡಗಲಿ ಕಡೆಯ ಬಸ್ಸಿನದು ಇನ್ನೊಂದು ಕತೆ. ಅಲ್ಲಿಂದ ಮಲ್ಲಿಗೆಯ ಬುಟ್ಟಿಗಳೂ ಬುತ್ತಿಗಳ ಜೊತೆಗೇ ಬರುತ್ತಿದ್ದವು. ಆ ಕಡೆಯ ಹುಡುಗನೊಬ್ಬ ತಾನು ಕಾಲೇಜು ಮುಗಿಸುವವರೆಗೂ ಮಲ್ಲಿಗೆ ವಾಸನೆಯ ಬದನೆಕಾಯಿ ಪಲ್ಯವನ್ನೇ ಉಂಡೆ ಎಂದು ಗೋಳಾಡುತ್ತಿದ್ದ. ಮುಂದೆ ಅವನ ಮದುವೆಯಲ್ಲಿ ಹೂವಿನ ಹಾರ ಹಾಕುತ್ತಲೇ ಅವನಿಗೆ ಹಸಿವಾಯಿತೆಂದು ಗೆಳೆಯರು ಹಬ್ಬಿಸಿದರು. ನಾನು ನಂಬಿದ್ದೇನೆ.

ನಮ್ಮ ಊರಿಗೆ ಹೊಸದಾಗಿ ಡಿಗ್ರಿ ಕಾಲೇಜು ಬಂದಾಗ ನಾನು ಪಿಯುಸಿ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಒಬ್ಬ ಗಣ್ಯರು ಉಮೇದಿನಲ್ಲಿ, "ಇದು ಇವತ್ತು ಕಾಲೇಜು, ನಾಳೆ ಯೂನಿವರ್ಸಿಟಿ!" ಎಂದುಬಿಟ್ಟರು. ಅಷ್ಟೇ. ನಾಳೆಯವರೆಗೆ ಕಾಯುವ ತಾಳ್ಮೆ ನಮ್ಮ ಓಣಿಯವರಿಗೆ ಇರಲಿಲ್ಲ. ಅವತ್ತಿನಿಂದಲೇ ಎಲ್ಲರೂ ಆ ನಾಲ್ಕು ಕೋಣೆಯ ತಗಡಿನ ಚಾವಣಿಯ ಕಟ್ಟಡವನ್ನು ಯೂನಿವರ್ಸಿಟಿ ಎಂದೇ ಕರೆಯತೊಡಗಿದರು. ನಿಜವಾದ ಯೂನಿವರ್ಸಿಟಿ ಎಲ್ಲೋ ದೂರದಲ್ಲಿತ್ತು. ಅದು ಪ್ರಶ್ನೆಪತ್ರಿಕೆ ಕಳಿಸುತ್ತಿತ್ತು, ಫಲಿತಾಂಶ ತಡ ಮಾಡುತ್ತಿತ್ತು. ಅದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕಡಿಮೆ. ನಮ್ಮ ಯೂನಿವರ್ಸಿಟಿಯ ಅಂಗಳದಲ್ಲಾದರೆ ಕುರಿ ಮೇಯುತ್ತಿದ್ದವು, ಯಾರು ಬೇಕಾದರೂ ಹೋಗಿ ನೋಡಬಹುದಿತ್ತು.

ಯೂನಿವರ್ಸಿಟಿ ಬಂದರೆ ಊರಿಗೆ ದುಡ್ಡು ಬರುತ್ತದೆ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು. ದಾವಣಗೆರೆ ನೋಡಿ ಬಂದವರು ಅಲ್ಲಿನ ಕಾಲೇಜು ಹುಡುಗರು ಹೇಗೆ ಖರ್ಚು ಮಾಡುತ್ತಾರೆಂದು ವರ್ಣಿಸಿದರು. ಮಂಡಕ್ಕಿ ಮಿರ್ಚಿಯ ಅಂಗಡಿಯವನು ಮುಂದೆ ಎರಡು ಬೆಂಚು ಹಾಕಿಸಿದ. ಕ್ಷೌರದಂಗಡಿಯಲ್ಲಿ ಮುಂದೊಂದು ಹಿಂದೊಂದು ಕನ್ನಡಿ ಬಂದವು. ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ತಮ್ಮ ಗೋದಾಮಿಗೆ ಅಡ್ಡಗೋಡೆ ಹಾಕಿ ರೂಮುಗಳನ್ನು ಮಾಡಿದರು. ಸುಗ್ಗಿ ಬಂದಾಗ ಮಾತ್ರ ಅವರಿಗೆ ಹುಡುಗರಿಗಿಂತ ಜೋಳವೇ ಲಾಭವೆಂದು ನೆನಪಾಗಿ ಚೀಲಗಳನ್ನೂ ಒಳಗೆ ತಳ್ಳುತ್ತಿದ್ದರು. ಒಂದು ಬ್ಯಾಚಿನ ಹುಡುಗರು ಇಡೀ ಅರ್ಥಶಾಸ್ತ್ರವನ್ನು ಜೋಳದ ಚೀಲದ ಮೇಲೆ ಮಲಗಿ ಓದಿ ಪಾಸಾದರು. ಅವರ ಪುಸ್ತಕಗಳಿಂದ ನುಸಿ ಉದುರುತ್ತಿತ್ತು.

ನಮ್ಮಪ್ಪನ ಕಿರಾಣಿ ಅಂಗಡಿ ಇದ್ದದ್ದು ಕಾಲೇಜಿಗೆ ಹೋಗುವ ದಾರಿಯಲ್ಲಿ. ಕಾಲೇಜು ಹುಡುಗರು ಬೆಳಿಗ್ಗೆ ಬ್ರೆಡ್ಡು ತಿನ್ನುತ್ತಾರೆ ಎಂದು ಅಪ್ಪನಿಗೆ ಯಾರು ಹೇಳಿದರೋ ತಿಳಿಯದು. ಒಂದು ದಿನ ದಾವಣಗೆರೆಯಿಂದ ಬ್ರೆಡ್ಡಿನ ಬುಟ್ಟಿಗಳು ಬಂದಿಳಿದವು. ನಮ್ಮ ಓಣಿಯಲ್ಲಿ ಆವರೆಗೆ ಬ್ರೆಡ್ಡು ಎಂದರೆ ಜ್ವರ ಬಂದವರ ಊಟ. ಹಾಗಾಗಿ ಅಂಗಡಿಗೆ ಬಂದವರೆಲ್ಲ, "ಯಾಕ್ರಿ, ಮನ್ಯಾಗ ಯಾರಿಗೆ ಆರಾಮಿಲ್ಲ?" ಎಂದು ಕೇಳಿ ಮರುಗಿ ಹೋದರೇ ಹೊರತು ಬ್ರೆಡ್ಡು ಕೊಳ್ಳಲಿಲ್ಲ. ಉಳಿದ ಬ್ರೆಡ್ಡನ್ನು ನಾವು ಉಂಡೆವು. ಬ್ರೆಡ್ಡಿನ ಉಪ್ಪಿಟ್ಟು, ಬ್ರೆಡ್ಡಿನ ಒಗ್ಗರಣೆ, ಕೊನೆಗೆ ಅವ್ವ ಬೇಸರದಿಂದ ಮಾಡಿದ, ಹೆಸರೇ ಇಲ್ಲದ ಒಂದು ಪದಾರ್ಥ. ಇವತ್ತಿಗೂ ಬ್ರೆಡ್ಡು ಕಂಡರೆ ನನ್ನ ಮೈ ಬಿಸಿಯಾದಂತೆ ಅನಿಸುತ್ತದೆ.

ಹುಡುಗರು ಬರಲಿಲ್ಲವೆಂದಲ್ಲ. ಬಂದರು, ಖಂಡಿತ ಬಂದರು. ಹೊಳಲಿನಿಂದ, ಉಚ್ಚಂಗಿದುರ್ಗದಿಂದ, ಕೂಡ್ಲಿಗಿ ದಾಟಿ ಇನ್ನೂ ಒಳಗಿನ ಹಟ್ಟಿಗಳಿಂದ ಬಂದರು. ಆದರೆ ಬರುವಾಗ ಎಲ್ಲವನ್ನೂ ತಂದುಕೊಂಡೇ ಬಂದರು. ಹಾಸಿಗೆ, ಕೊಡ, ಲಾಟೀನು, ಸೀಮೆಎಣ್ಣೆಯ ಡಬ್ಬ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಕುರಿ ಸಾಕುವ ಮನೆಯ ಹುಡುಗರು ಕಂಬಳಿಯ ಜೊತೆ ಗಡಿಗೆಯಲ್ಲಿ ಬೆಣ್ಣೆಯನ್ನೂ ತಂದರು. ಊಟ ದಿನವೂ ಬಸ್ಸಿನಲ್ಲಿ ಬರುತ್ತಿತ್ತು. ಮಿರ್ಚಿ ಅಂಗಡಿಯವನು ಬೆಂಚಿನ ಮೇಲೆ ತಾನೇ ಕುಳಿತು, "ಇವ್ರೇನು ಓದಾಕ ಬಂದಾರೋ, ದಂಡಿಗೆ ಹೊಂಟಾರೋ! ಕಡ್ಡಿಪೆಟ್ಟಿಗಿ ಸುದ್ದಾ ಊರಿಂದ ತಂದಾರ," ಎಂದು ಹಳಿದ.

ಈ ಹೊತ್ತಿನಲ್ಲೇ ನಮ್ಮ ಕೊಟ್ರಮ್ಮತ್ತೆ ಖಾನಾವಳಿ ತೆಗೆದದ್ದು.

ಕೊಟ್ರಮ್ಮ ನಮ್ಮಪ್ಪನ ತಂಗಿ. ಉಚ್ಚಂಗಿದುರ್ಗಕ್ಕೆ ಕೊಟ್ಟಿದ್ದರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ಹಾವು ಕಚ್ಚಿ ತೀರಿಹೋದ. ಮಕ್ಕಳಿರಲಿಲ್ಲ. ಆಮೇಲೆ ಗಂಡನ ಅಣ್ಣ ಹಾಲಪ್ಪನವರ ಮನೆಯಲ್ಲೇ ಉಳಿದಳು. ದೊಡ್ಡ ಕುಟುಂಬ, ಆಳುಕಾಳು. ಅವರನ್ನು ಕೆಟ್ಟವರೆನ್ನಲು ನನಗೆ ನಾಲಿಗೆ ಬರುವುದಿಲ್ಲ. ಅತ್ತೆಗೆ ಊಟಕ್ಕಾಗಲಿ ಸೀರೆಗಾಗಲಿ ಯಾವತ್ತೂ ಕಡಿಮೆ ಮಾಡಿದವರಲ್ಲ, ಗದರಿದವರೂ ಅಲ್ಲ. ಆದರೆ ಆ ಮನೆಯ ರೊಟ್ಟಿಗಳೆಲ್ಲ ಅತ್ತೆಯ ಕೈಯಲ್ಲೇ ಆಗಬೇಕಿತ್ತು. ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಅವಳು ಉಣ್ಣುತ್ತಿದ್ದಳು. ಅಷ್ಟರಲ್ಲೂ ಯಾರಾದರೂ ಕರೆದರೆ ಏಳುತ್ತಿದ್ದಳು. ಒಮ್ಮೆ ಜ್ವರ ಬಂದು ಮಲಗಿದ್ದಾಗ ತಾನು ಊಟವನ್ನೇ ಬಿಟ್ಟಿದ್ದೆನೆಂದು ಅವ್ವನ ಬಳಿ ಹೇಳಿದ್ದು ನನಗೆ ನೆನಪಿದೆ. "ಬಾಯಿ ರುಚಿ ಇರಲಿಲ್ಲೇನು?" ಎಂದು ಅವ್ವ ಕೇಳಿದಳು. "ರುಚಿ ಇತ್ತು ವೈನಿ. ದುಡೀಲಾರದ ಉಣ್ಣಾಕ ನಾಚಿಕಿ ಬಂತು," ಎಂದಳು ಅತ್ತೆ.

ಅವ್ವನ ಕೈ ಮುರಿದಾಗ ಅಡುಗೆಗೆಂದು ಬಂದವಳು ಅವ್ವನ ಕೈ ಕೂಡಿದ ಮೇಲೂ ಹೋಗಲಿಲ್ಲ. ಹಾಗೆಂದು ನಮ್ಮ ಮನೆಯಲ್ಲಿ ಉಳಿಯಲೂ ಒಪ್ಪಲಿಲ್ಲ. ಕಾಲೇಜಿನ ಹಿಂದಿನ ಓಣಿಯಲ್ಲಿ ಒಂದು ಪಡಸಾಲೆ, ಒಂದು ಕೋಣೆಯ ಬಾಡಿಗೆ ಮನೆ ನೋಡಿಕೊಂಡು, "ಅಣ್ಣಾ, ಒಂದು ಒಲಿ ನಂದು ಅಂತ ಇರಲಿ. ಬ್ಯಾರೆ ಏನೂ ಬ್ಯಾಡ," ಎಂದಳು. ಅವಳು ಕೇಳಿದ್ದು ಅಷ್ಟೇ. ಖಾನಾವಳಿ ನಡೆದರೆ ಆ ಒಲೆ ಉಳಿಯುತ್ತಿತ್ತು. ನಡೆಯದಿದ್ದರೆ ಮತ್ತೆ ಉಚ್ಚಂಗಿದುರ್ಗದ ಒಲೆಯ ಪಕ್ಕ ಕುಕ್ಕರುಗಾಲು.

ಮೊದಲ ದಿನ ಅತ್ತೆ ಸೀರೆ ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ತುಂಬ ರೊಟ್ಟಿ ಬಡಿದಳು. ಬೋರ್ಡು ಬರೆದವಳು ನಾನು. "ಖಾನಾವಳಿ" ಎಂದು ಎಷ್ಟು ದಪ್ಪಗೆ ಬರೆದೆನೆಂದರೆ ಬೆಲೆ ಬರೆಯಲು ಜಾಗವೇ ಉಳಿಯಲಿಲ್ಲ. ಅದೇನೂ ತೊಂದರೆಯಾಗಲಿಲ್ಲ, ಬೆಲೆ ಕೇಳಲು ಯಾರೂ ಬರಲಿಲ್ಲ. ಹುಡುಗರು ಬುತ್ತಿ ಹಿಡಿದು ಬೋರ್ಡಿನ ಮುಂದೆಯೇ ಹಾದು ಹೋದರು. ಎರಡನೆಯ ದಿನವೂ ಹಾಗೇ. ಅತ್ತೆಯ ಲೆಕ್ಕ ಏನಾಗಿತ್ತೆಂದರೆ, ಹುಡುಗರು ಬಡಕಲಾಗಿದ್ದಾರೆ, ಆದ್ದರಿಂದ ಹಸಿದಿದ್ದಾರೆ, ಆದ್ದರಿಂದ ಬರುತ್ತಾರೆ. ಅಪ್ಪನ ಬ್ರೆಡ್ಡಿನ ಲೆಕ್ಕಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಣ್ಣ ತಂಗಿಯರಲ್ಲವೇ? ಆ ವಾರ ನಮ್ಮ ಮನೆಯಲ್ಲಿ ಬ್ರೆಡ್ಡು ಹೋಗಿ ರೊಟ್ಟಿ ಬಂತು.

ಸುದ್ದಿ ಉಚ್ಚಂಗಿದುರ್ಗ ಮುಟ್ಟಿತು. ಹಾಲಪ್ಪ ಮಾವ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಹಣೆಗೆ ವಿಭೂತಿ. ಅತ್ತೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತರು. ನೀರು ಕೊಟ್ಟರೆ ಮುಟ್ಟಲಿಲ್ಲ. ಅಪ್ಪ ಎದುರು ಕುಳಿತಿದ್ದ. ಅತ್ತೆ ಬಾಗಿಲ ಹಿಂದೆ. ಭಾವನ ಎದುರು ನಿಂತು ಮಾತಾಡುವ ರೂಢಿ ಅವರ ಮನೆಯಲ್ಲಿರಲಿಲ್ಲ. ನಡುವೆ ನಾನು.

"ಅನ್ನ ಮಾರೋ ಮನಿತನ ಅಲ್ಲ ನಮ್ಮದು ಬೀಗರ," ಎಂದರು ಹಾಲಪ್ಪ ಮಾವ ಅಪ್ಪನಿಗೆ. "ಹಸದು ಬಂದೋರಿಗೆ ನೀಡೀವಿ, ಮಾರಿಲ್ಲ. ನಾಳೆ ನಮ್ಮನ್ಯಾಗಿನ ಮದುವಿ ಮಾತು ಬಂದಾಗ ಮಂದಿ ಏನಂತಾರ?"

"ಹೌದ್ರಿ," ಎಂದ ಅಪ್ಪ. ಅಪ್ಪನ ಹೌದ್ರಿ ಎಂಥದೆಂದರೆ, ಎದುರಿಗಿದ್ದವರಿಗೆಲ್ಲ ಅದು ತಮ್ಮದೇ ಪಕ್ಷವೆಂದು ಅನಿಸುತ್ತಿತ್ತು.

"ಆಕಿನ್ನ ಕಳಿಸಿಕೊಡ್ರಿ. ನಮ್ಮನ್ಯಾಗ ಆಕಿಗೆ ಏನು ಕಡಿಮಿ ಆಗೈತಿ?"

ಬಾಗಿಲ ಹಿಂದಿನಿಂದ ಅತ್ತೆ, "ಏನೂ ಕಡಿಮಿ ಆಗಿಲ್ಲಂತ ಹೇಳು ಸುಮಾ. ದೀಪಾವಳಿ ತನಕ ನೋಡತೀನಿ, ನಡೀದಿದ್ರ ನಾನ ಬರತೀನಂತ ಹೇಳು," ಎಂದಳು. ಇಡೀ ಪಡಸಾಲೆಗೆ ಅದು ಕೇಳಿಸಿತ್ತು. ಆದರೂ ಹಾಲಪ್ಪ ಮಾವ ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಅದನ್ನೇ ಮತ್ತೊಮ್ಮೆ ಹೇಳಿದ ಮೇಲೆ, ಆಗತಾನೇ ಕೇಳಿಸಿಕೊಂಡವರಂತೆ ತಲೆ ಆಡಿಸಿ ಎದ್ದರು. ದೀಪಾವಳಿಗೆ ಹೆಚ್ಚು ದಿನ ಇರಲಿಲ್ಲ.

ಅವರು ಹೋದ ಕೆಲವು ದಿನಕ್ಕೆ ಹೊಳಲಿನ ಹುಡುಗ ಮಂಜಪ್ಪ ಪಡಸಾಲೆಯ ಮೆಟ್ಟಿಲಿಗೆ ಬಂದು ನಿಂತ. ಆ ದಿನ ಹೊಳಲಿನ ಬಸ್ಸು ದಾರಿಯಲ್ಲಿ ಕೆಟ್ಟು ತಡವಾಗಿ ಬಂದಿತ್ತು. ಕೈಯಲ್ಲಿ ಮೂರು ಡಬ್ಬಿಯ ಬುತ್ತಿ, ಮುಖದಲ್ಲಿ ಸಂಕೋಚ.

"ಅಮ್ಮಾರ, ಒಂದು ಸೌಟು ಬಿಸಿ ಸಾರು ಸಿಗತೈತೇನ್ರಿ? ರೊಟ್ಟಿ ಒಣಗಿ ಹಪ್ಪಳಾಗೈತಿ."

"ಬಿಸಿ ರೊಟ್ಟಿನ ಅದಾವು ಬಾರಪ್ಪ, ಕುಂದ್ರು," ಎಂದಳು ಅತ್ತೆ ಹಿಗ್ಗಿ.

"ನಿಮ್ಮ ರೊಟ್ಟಿ ಬ್ಯಾಡ್ರಿ. ನಮ್ಮವ್ವನ ರೊಟ್ಟಿ ಉಳದ್ರ ಬುತ್ತಿ ವಾಪಸ್ ಹೋಗತೈತಿ. ಆಕಿ ಡಬ್ಬಿ ತೆಗದು ನೋಡಿದ್ಲಂದ್ರ ಮಗಗ ಜಡ್ಡಾಗೈತಿ ಅಂತ ನಾಳೆ ಮೊದಲನೇ ಬಸ್ಸಿಗೇ ಬಂದುಬಿಡತಾಳ. ಒಮ್ಮೆ ಹಂಗ ಬಂದು ಕ್ಲಾಸಿನ ಬಾಗಲಾಗ ನಿಂತು ಹಣಿ ಮುಟ್ಟಿ ನೋಡ್ಯಾಳ್ರಿ. ಹುಡುಗ್ರು ಇನ್ನೂ ಆಡಿಕೊಳ್ಳಾಕತ್ತಾರ."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಯಾಕೆ ಯಾರೂ ಬರುತ್ತಿಲ್ಲವೆಂದು ಆಗ ಅವಳಿಗೆ ಅರ್ಥವಾಗಿತ್ತು. ಹುಡುಗರು ಹೊರಗೆ ಉಂಡರೆಂದರೆ ಹಳ್ಳಿಯಲ್ಲೊಬ್ಬ ತಾಯಿಗೆ ಅನ್ನ ಸೇರುತ್ತಿರಲಿಲ್ಲ. ಆ ಡಬ್ಬಿ ಖಾಲಿಯಾಗಿ ಹೋಗಲೇಬೇಕು. ಆದರೆ ತಣ್ಣಗಿನ ರೊಟ್ಟಿಗೆ ಬಿಸಿಸಾರು ಯಾವ ಬಸ್ಸಿನಲ್ಲೂ ಬರುತ್ತಿರಲಿಲ್ಲ. ಬಂದರೆ ಚೆಲ್ಲಿ ಬಾನೆಟ್ಟು ಹಾಳಾಗುತ್ತದೆಂದು ಕಂಡಕ್ಟರುಗಳು ಸಾರಿನ ಡಬ್ಬಿ ಮುಟ್ಟುತ್ತಿರಲಿಲ್ಲ. ಮರುದಿನ ಅತ್ತೆ ರೊಟ್ಟಿ ಬಡಿಯಲಿಲ್ಲ. ಒಂದು ದೊಡ್ಡ ಪಾತ್ರೆಯಲ್ಲಿ ಬೇಳೆ ಸಾರು, ಇನ್ನೊಂದರಲ್ಲಿ ಮಜ್ಜಿಗೆ. ನನ್ನ ಬೋರ್ಡಿನಲ್ಲಿ ಜಾಗವಿರಲಿಲ್ಲವಾದ್ದರಿಂದ ಕಂಬಕ್ಕೆ ರಟ್ಟು ಕಟ್ಟಿ ಬರೆದೆವು: ಬುತ್ತಿ ನಿಮ್ಮದು, ಸಾರು ನಮ್ಮದು.

ಹುಡುಗರು ಬಂದರು. ಸಾಲಾಗಿ ಕುಳಿತು ಡಬ್ಬಿ ಬಿಚ್ಚಿದರು. ಒಬ್ಬನ ಪುಂಡಿಪಲ್ಯ ಇನ್ನೊಬ್ಬನ ತಟ್ಟೆಗೆ ಹೋಯಿತು. ಬೆಣ್ಣೆ ತಂದವನ ಪಕ್ಕ ಕೂರಲು ಜಗಳವಾಯಿತು. ಯಾವ ಊರಿನ ತಾಯಿ ಖಾರ ಜಾಸ್ತಿ ಹಾಕುತ್ತಾಳೆ, ಯಾರ ರೊಟ್ಟಿ ತೆಳ್ಳಗೆ ಎಂಬುದೆಲ್ಲ ಅತ್ತೆಗೆ ತಿಳಿಯಿತು. ನೋಡಿಲ್ಲದ ಹೆಂಗಸರ ಬಗ್ಗೆ, "ಈ ಮೆಣಸಿಗೆರೀ ಹುಡುಗನ ತಾಯಿ ಇವತ್ತು ಯಾಕೋ ಬೇಜಾರಾಗ್ಯಾಳ, ಉಪ್ಪ ಮರತಾಳ," ಎಂದು ಮಾತಾಡುತ್ತಿದ್ದಳು.

ಆದರೆ ಸೌಟಿಗಿಷ್ಟು ಎಂದು ಮಾರಿದ ಸಾರಿನಿಂದ ಬಾಡಿಗೆ ಹುಟ್ಟುವುದು ಕಷ್ಟವೇ. ಅದಕ್ಕೆ ಸಹಾಯ ಬಂದದ್ದು ನಾವು ಯಾರೂ ಎಣಿಸದ ಕಡೆಯಿಂದ. ಹುಣ್ಣಿಮೆ ಬಂತು. ಹುಣ್ಣಿಮೆಗೆ ಉಚ್ಚಂಗಿದುರ್ಗದ ಅಮ್ಮನ ದರ್ಶನಕ್ಕೆ ಹೋಗುವ ಜನ ಎಲ್ಲ ದಿಕ್ಕಿನ ಬಸ್ಸುಗಳನ್ನೂ ತುಂಬಿಕೊಳ್ಳುತ್ತಾರೆ. ಬಾನೆಟ್ಟಿನ ಮೇಲೂ ಹೆಂಗಸರು ಮಕ್ಕಳು ಕುಳಿತರೆ ಬುತ್ತಿ ಇಡುವುದೆಲ್ಲಿ? ಅವತ್ತು ಮಧ್ಯಾಹ್ನ ಹುಡುಗರು ನಿಲ್ದಾಣದಿಂದ ಬರಿಗೈಯಲ್ಲಿ ತಿರುಗಿ, ಅಭ್ಯಾಸಬಲದಿಂದ ಪಡಸಾಲೆಗೆ ಬಂದು ಸಾಲಾಗಿ ಕುಳಿತರು. ಅತ್ತೆಯ ಬಳಿ ಇದ್ದದ್ದು ಸಾರು ಮಾತ್ರ. ಅವಳು ಒಂದು ಗಳಿಗೆ ಆ ಸಾಲನ್ನು ನೋಡಿದಳು. ಆಮೇಲೆ ಓಣಿಗೆ ಕೇಳುವಂತೆ ಅವ್ವನನ್ನು ಕೂಗಿದಳು. ಅವ್ವ, ನಾನು, ಪಕ್ಕದ ಮನೆಯವರು ಎಲ್ಲ ಸೇರಿ ರೊಟ್ಟಿ ಬಡಿದೆವು. ನಾನು ಬಡಿದವು ಯಾವ ದೇಶದ ನಕ್ಷೆಯನ್ನು ಹೋಲುತ್ತವೆಂದು ಹುಡುಗರು ಚರ್ಚೆ ಮಾಡಿಕೊಂಡು ತಿಂದರು. ಅವತ್ತು ಡಬ್ಬಿಯಲ್ಲಿ ರೊಟ್ಟಿ ಉಳಿಯುವ ಭಯವಿಲ್ಲದ್ದರಿಂದ ಹೊಟ್ಟೆತುಂಬ ಉಂಡರು. ಆಮೇಲೆ ಪ್ರತಿ ಹುಣ್ಣಿಮೆ ಅಮಾವಾಸ್ಯೆಗೆ, ಮಂಗಳವಾರ ಶುಕ್ರವಾರಗಳಂದು ಅತ್ತೆಯ ಒಲೆ ಪೂರ್ತಿ ಉರಿಯಿತು. ದೇವಿ ಇರುವುದು ಹಾಲಪ್ಪ ಮಾವನ ಊರಿನ ಗುಡ್ಡದ ಮೇಲೆ, ಅವಳು ಗಿರಾಕಿ ಕಳಿಸಿದ್ದು ಅವರು ಮುಚ್ಚಿಸಬೇಕೆಂದಿದ್ದ ಖಾನಾವಳಿಗೆ.

ದೀಪಾವಳಿಗೆ ಅತ್ತೆಯನ್ನು ಕರೆದೊಯ್ಯಲು ಹಾಲಪ್ಪ ಮಾವ ಹೇಳಿಕಳಿಸಿದಾಗ ಅಪ್ಪ ಜೀವಮಾನದಲ್ಲಿ ಒಮ್ಮೆ ಜಾಣತನದ ಮಾತಾಡಿದ. "ಅನ್ನ ಎಲ್ಲಿ ಮಾರತಾಳ್ರಿ? ಬರೇ ಸಾರು. ಸಾರಿಗೆ ಮನಿತನದ ಪ್ರಶ್ನೆ ಬರತೈತೇನು ಅಂತ ಬೀಗರನ್ನ ಕೇಳು," ಎಂದು ಬಂದವನಿಗೆ ಹೇಳಿ ಕಳಿಸಿದ. ಹುಣ್ಣಿಮೆಯ ವಿಷಯ ಎತ್ತಲಿಲ್ಲ. ಉತ್ತರ ಬರಲಿಲ್ಲ. ಅತ್ತೆ ಉಳಿದಳು. ಹಾಲಪ್ಪ ಮಾವ ಊರಿಗೆ ಬಂದರೂ ಆ ಓಣಿಗೆ ಬರುವುದನ್ನು ಬಿಟ್ಟರು.

ನಾನೀಗ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಕಾಲೇಜು ಬಂದರೆ, ಯೂನಿವರ್ಸಿಟಿ ಕೇಂದ್ರ ಬಂದರೆ ಊರು ಹೇಗೆ ಉದ್ಧಾರವಾಗುತ್ತದೆಂದು ಸಾಲ ಕೇಳಲು ಬಂದವರು ನನಗೆ ವಿವರಿಸುತ್ತಾರೆ. ರೂಮು ಕಟ್ಟಿಸುತ್ತೇನೆ, ಜೆರಾಕ್ಸ್ ಅಂಗಡಿ ಇಡುತ್ತೇನೆ ಎನ್ನುತ್ತಾರೆ. ಅದು ಸುಳ್ಳಲ್ಲ. ನಮ್ಮಪ್ಪನೂ ಬ್ರೆಡ್ಡಿನ ಪಾಠ ಕಲಿತು ಮೋಂಬತ್ತಿ, ಸ್ಟೋವಿನ ಬತ್ತಿ, ರೀಫಿಲ್ಲು ಮಾರಿ ಚೇತರಿಸಿಕೊಂಡ. ಆದರೆ ನನಗೆ ಕೇಳಬೇಕೆನಿಸುತ್ತದೆ, ಊರಿಗೆ ಬಂದದ್ದು ಎಲ್ಲಿಂದ ಬಂತು? ನಮ್ಮ ಯೂನಿವರ್ಸಿಟಿ ನಡೆದದ್ದು ಫೀಜಿನ ಮೇಲೆ ಮಾತ್ರವಲ್ಲ. ಹೊಳಲಿನಲ್ಲಿ, ಕೂಡ್ಲಿಗಿಯ ಹಟ್ಟಿಗಳಲ್ಲಿ ಹೆಂಗಸರು ಬಸ್ಸಿನ ಹೊತ್ತಿಗೆ ಸರಿಯಾಗಿ ತಮ್ಮ ನಿದ್ದೆ ಕತ್ತರಿಸಿಕೊಂಡರು. ಆ ರೊಟ್ಟಿಗಳಿಗೆ ಯಾರೂ ಬೆಲೆ ಕಟ್ಟಲಿಲ್ಲ. ಕಟ್ಟಿದ್ದರೆ ಎಷ್ಟು ಮಕ್ಕಳು ಓದುತ್ತಿದ್ದರೋ ಗೊತ್ತಿಲ್ಲ. ಮನೆಯ ಹೆಂಗಸರ ದುಡಿಮೆಗೆ ಬೆಲೆಯಿಲ್ಲದ್ದರಿಂದಲೇ ಎಷ್ಟೋ ಸಂಸ್ಥೆಗಳು ನಿಂತಿವೆ ಎಂದು ಯೋಚಿಸಿದಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ. ಎರಡನ್ನೂ ಸಾಲದ ಅರ್ಜಿಯಲ್ಲಿ ತುಂಬಲು ಜಾಗವಿಲ್ಲ.

ಎರಡು ಸಾವಿರದ ಇಸವಿಯ ನಂತರ ಬಸ್ಸುಗಳು ಹೆಚ್ಚಾದವು, ಪಾಸು ಮಾಡಿಸಿಕೊಂಡ ಹುಡುಗರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗತೊಡಗಿದರು. ಬುತ್ತಿ ಈಗ ಬಾನೆಟ್ಟಿನ ಮೇಲಲ್ಲ, ಅವರವರ ಚೀಲದಲ್ಲೇ ಬಂತು. ಅತ್ತೆ ಅದಕ್ಕೂ ಹೊಂದಿಕೊಂಡಳು. ಹೊಸದಾಗಿ ಬಂದ ಮೇಷ್ಟರುಗಳಿಗೆ, ಬಿ.ಎಡ್. ಓದಲು ದೂರದೂರದಿಂದ ಬಂದವರಿಗೆ ಪೂರ್ತಿ ಊಟವನ್ನೇ ಹಾಕಿದಳು. ಅದೆಲ್ಲ ಆಮೇಲಿನ ಮಾತು. ನನ್ನ ಮನಸ್ಸು ಹೋಗಿ ನಿಲ್ಲುವುದು ಅದಕ್ಕೂ ಮುಂಚಿನ ಒಂದು ಮಧ್ಯಾಹ್ನದಲ್ಲಿ. ನನ್ನ ಡಿಗ್ರಿಯ ಕೊನೆಯ ವರ್ಷ. ಮುಂಗಾರು ಹಿಡಿದಿತ್ತು. ಆ ಹೊತ್ತಿಗೆ ಕೆಲವು ಹುಡುಗಿಯರೂ ತಿಂಗಳ ಲೆಕ್ಕದಲ್ಲಿ ಅತ್ತೆಯ ಬಳಿ ಪೂರ್ತಿ ಊಟಕ್ಕೆ ಬರುತ್ತಿದ್ದರು.

ಹಾಲಪ್ಪ ಮಾವ ಓಣಿಯ ಕೆಸರು ದಾಟಿಕೊಂಡು ಬಂದರು. ಹಿಂದೆ ಅವರ ಮಗಳು ಗಿರಿಜಾ, ಕೈಯಲ್ಲಿ ಟ್ರಂಕು. ಪಿಯುಸಿ ಪಾಸಾಗಿದ್ದಳು. ಮುಂದೆ ಓದಬೇಕೆಂದು ಅತ್ತು ಕರೆದು ಅಪ್ಪನನ್ನು ಒಪ್ಪಿಸಿದ್ದಳಂತೆ. ದಾವಣಗೆರೆಗೆ ಕಳಿಸಲು ಅವರಿಗೆ ಧೈರ್ಯವಿರಲಿಲ್ಲ. ಇಲ್ಲಿಯಾದರೆ ಮನೆಯ ಹೆಂಗಸು ಒಬ್ಬಳಿದ್ದಾಳೆ. ಮೂರ್ನಾಲ್ಕು ವರ್ಷಗಳ ಮೇಲೆ ಆ ಪಡಸಾಲೆಯಲ್ಲಿ ಅವರು ಕುಳಿತರು. ಸುದ್ದಿ ತಿಳಿದು ಅಪ್ಪ ಅಂಗಡಿ ಬಿಟ್ಟು ಓಡಿ ಬಂದ.

"ಗಿರಿಜಾ ಇಲ್ಲೇ ಇರಲಿ," ಎಂದರು ಹಾಲಪ್ಪ ಮಾವ, ಬಾಗಿಲ ಕಡೆ ನೋಡದೆ. "ಹುಡುಗಿ ಕೈ ಚುರುಕ ಅದಾವು. ಮುಂಜಾನಿ ಎದ್ದು ರೊಟ್ಟಿ ಬಡದು, ಪಾತ್ರಿ ತಿಕ್ಕಿ ಕಾಲೇಜಿಗೆ ಹೋಗತಾಳ. ಬಂದ ಮ್ಯಾಲೂ ಕೆಲಸ ಮಾಡತಾಳ. ಉಂಡದ್ದು ಪುಕ್ಕಟಿ ಆಗಂಗಿಲ್ಲ."

ನಾನು ಎಂದಿನಂತೆ ಬಾಗಿಲ ಬಳಿ ಸರಿದು ನಿಂತೆ, ಅತ್ತೆಯ ಮಾತನ್ನು ದಾಟಿಸಲು. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು, ನನ್ನನ್ನು ದಾಟಿ ಪಡಸಾಲೆಗೇ ಬಂದಳು. ಸೆರಗು ತಲೆಯ ಮೇಲಿತ್ತು. ಕೈಗೆ ಹಿಟ್ಟು ಮೆತ್ತಿತ್ತು.

"ಇರಲಿ ಬಾವಾರ. ನನ್ನ ಮಗಳಂಗ ನೋಡಿಕೊಳ್ಳತೀನಿ. ಇರಾಕ ನೀವು ಏನೂ ಕೊಡಬ್ಯಾಡ್ರಿ. ಊಟಕ್ಕ ಮಾತ್ರ ಎಲ್ಲರೂ ಕೊಟ್ಟಂಗ ತಿಂಗಳಾ ಕೊಡ್ರಿ."

ಅಪ್ಪನ ಬಾಯಿಂದ ಒಂದು ಹೌದ್ರಿ ಹೊರಡಲು ನೋಡಿ ಹೊರಡಲಿಲ್ಲ. ಹಾಲಪ್ಪ ಮಾವ ಮೊದಲ ಸಲ ಅತ್ತೆಯ ಮುಖ ನೋಡಿದರು.

"ಏನಂದಿ? ನಮ್ಮ ಹುಡುಗಿ ತುತ್ತಿಗೆ ನಾವು ರೊಕ್ಕ ಕೊಡಬೇಕು? ಅದೂ ನಿನಗ? ಅಷ್ಟು ವರ್ಷ ನಮ್ಮನ್ಯಾಗ ಉಂಡಿ ಕೊಟ್ರಮ್ಮ. ಒಂದು ದಿನರ ನಿನ್ನ ರೊಕ್ಕ ಕೇಳೀವೇನು?"

ಅತ್ತೆ ಕೈಯ ಹಿಟ್ಟನ್ನು ಬೆರಳಿನಿಂದ ಬಿಡಿಸಿಕೊಳ್ಳುತ್ತ ನಿಂತಳು.

"ಕೇಳಿದ್ರ ಚೊಲೊ ಇತ್ರಿ ಬಾವಾರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೆಂಗರ ಮಾಡಿ ಕೊಡತಿದ್ದೆ. ಕೊಟ್ಟು, ನಾನೂ ಎಲ್ಲರಂಗ ಕುಂತು ಉಣತಿದ್ದೆ."

ಹೊರಗೆ ತಗಡಿನಿಂದ ನೀರು ಸುರಿಯುತ್ತಿತ್ತು. ನನಗೆ ಅಳು ಬಂತು, ಅದಕ್ಕೆ ನಾಚಿಕೆಯಾಗಿ ರಟ್ಟಿನ ಬೋರ್ಡು ಸರಿಮಾಡುವವಳಂತೆ ಕಂಬದ ಕಡೆ ತಿರುಗಿದೆ. "ಓದಾಕ ಬಂದಾಳ, ಓದಲಿ. ರೊಟ್ಟಿ ಬಡಿಯಾಕ ನಾನದೀನಿ," ಎಂದು ಅತ್ತೆ ಇನ್ನೂ ಮೆತ್ತಗೆ ಹೇಳಿದ್ದು ಕೇಳಿಸಿತು.

ಹಾಲಪ್ಪ ಮಾವ ಬಹಳ ಹೊತ್ತು ಟವೆಲ್ಲಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಕುಳಿತರು. ಎದ್ದು ಹೋಗುತ್ತಾರೆ, ಮಗಳನ್ನೂ ಕರೆದೊಯ್ಯುತ್ತಾರೆ ಎಂದುಕೊಂಡೆ. ಗಿರಿಜಾ ಕೂಡ ಹಾಗೇ ಅಂದುಕೊಂಡಿರಬೇಕು, ಇಳಿಸಿದ್ದ ಟ್ರಂಕಿನ ಹಿಡಿಯನ್ನು ಮತ್ತೆ ಹಿಡಿದುಕೊಂಡಳು. ಆಗ ಅವರು ಅಂಗಿಯ ಒಳಜೇಬಿಗೆ ಕೈ ಹಾಕಿದರು. ತೆಗೆದದ್ದನ್ನು ನನ್ನ ಕೈಗೂ ಅಪ್ಪನ ಕೈಗೂ ಕೊಡದೆ, ಎದ್ದು ಬಂದು ಅತ್ತೆಯ ಪಕ್ಕದ ಗೂಡಿನಲ್ಲಿ ತಾವೇ ಇಟ್ಟರು. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಅಷ್ಟರಲ್ಲಿ ಊಟದ ಹೊತ್ತಾಗಿ ಹುಡುಗಿಯರು ಮಳೆಯಲ್ಲಿ ನೆನೆಯುತ್ತ ಬಂದರು. ಹುಡುಗಿಯರ ಸಾಲು ಒಳಕೋಣೆಯಲ್ಲಿ. ಗಿರಿಜಾ ಕೊನೆಯಲ್ಲಿ ಮುದುಡಿ ಕುಳಿತಳು. ಅವಳ ತಟ್ಟೆಗೂ ರೊಟ್ಟಿ ಬಿತ್ತು, ಸಾರು ಬಿತ್ತು. ಅವಳು ಎರಡು ತುತ್ತು ತಿಂದಿರಬೇಕು, ಸಾಲಿನ ಆ ತುದಿಯಿಂದ ಯಾರೋ, "ಅಮ್ಮಾರ, ಸಾರು," ಎಂದರು. ಗಿರಿಜಾ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಚಟ್ಟನೆ ಎದ್ದು ಸಾರಿನ ಪಾತ್ರೆಯ ಕಡೆ ಹೊರಟಳು. ಯಾರೂ ಹೇಳಿರಲಿಲ್ಲ. ಕಾಲುಗಳು ತಾವೇ ಎದ್ದಿದ್ದವು.

ಅತ್ತೆ ಸೌಟು ಹಿಡಿದ ಕೈಯಿಂದಲೇ ಅವಳ ಭುಜ ಒತ್ತಿ ಹಿಂದಕ್ಕೆ ಕೂರಿಸಿದಳು.

"ಕುಂದ್ರವ್ವ. ನಿನ್ನ ಊಟದ ರೊಕ್ಕ ಬಂದೈತಿ."

ಗಿರಿಜಾ ಪಡಸಾಲೆಯಲ್ಲಿದ್ದ ಅಪ್ಪನ ಬೆನ್ನನ್ನೊಮ್ಮೆ ನೋಡಿದಳು. ಆಮೇಲೆ ಕಾಲು ಮಡಚಿ ಸರಿಯಾಗಿ ಕುಳಿತಳು. ತಟ್ಟೆಯಲ್ಲಿದ್ದದ್ದನ್ನು ಮುಗಿಸಿದಳು. ಮುಗಿಸಿ, ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಇನ್ನೊಂದು ರೊಟ್ಟಿ ಕೇಳಿದಳು.